ನಾಲ್ಕು ದಿನದ ದಾರಿ, ಆರು ಹೊತ್ತಿನ ಹಾಲು
ಒಬ್ಬರೇ ಊರು ನೋಡಲು ಹೊರಡುವ ಹೈನುಗಾರ ಅಕ್ಕಂದಿರಿಗೆ



ಮದುವೆಗೆ, ಬಾಣಂತನಕ್ಕೆ, ಆಸ್ಪತ್ರೆಗೆ, ಮಣ್ಣಿಗೆ ಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರೀ ಊರು ನೋಡಬೇಕು ಎಂದು, ಒಬ್ಬರೇ, ಕೈಯಲ್ಲೊಂದು ಚೀಲ ಹಿಡಿದು ಮನೆಯಿಂದ ಹೊರಟದ್ದು ನಿಮ್ಮಲ್ಲಿ ಎಷ್ಟು ಜನ?

ಮುಂಡಗೋಡಕ್ಕೆ ಲೋಕವೇ ಬರುತ್ತದೆ. 1966ರಲ್ಲಿ ಇಲ್ಲಿ ಟಿಬೆಟಿಯನ್ ಕ್ಯಾಂಪ್ ಶುರುವಾಯಿತು. ದ್ರೆಪುಂಗ್, ಗಾದೆನ್ ಮಠಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅತ್ತಿವೇರಿಯ ಕೆರೆಗೆ ಹಕ್ಕಿ ನೋಡುವವರು ಬರುತ್ತಾರೆ. ಆದರೆ ಇದೇ ತಾಲ್ಲೂಕಿನಲ್ಲಿ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವ ನಮ್ಮ ಎಷ್ಟೋ ಹೆಣ್ಣುಮಕ್ಕಳು ಜೋಯಿಡಾ ನೋಡಿಲ್ಲ. ಇದೇ ಜಿಲ್ಲೆಯ ಕಾರವಾರದ ಸಮುದ್ರ ನೋಡಿಲ್ಲ. ಕೇಳಿದರೆ ಬರುವ ಉತ್ತರ ಒಂದೇ: "ನಾ ಹೋದ್ರ ಆಕಳ ಹಿಂಡೋರ್ ಯಾರ್ರೀ?"

ಈ ಪ್ರಶ್ನೆ ಸುಳ್ಳು ನೆಪವಲ್ಲ. ಅಂಗಡಿಗೆ ಬೀಗ ಹಾಕಬಹುದು, ಹೊಲಕ್ಕೆ ನಾಲ್ಕು ದಿನ ಹೋಗದೆ ಇರಬಹುದು, ಕೆಚ್ಚಲಿಗೆ ಬೀಗ ಹಾಕಲು ಬರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ದಾರಿಯ ಮಾತು ಎಷ್ಟಿದೆಯೋ ಕೊಟ್ಟಿಗೆಯ ಮಾತೂ ಅಷ್ಟೇ ಇದೆ.

ಒಬ್ಬರೇ ಹೋದವರು ಇದ್ದಾರೆ

ಹೆಣ್ಣು ಒಬ್ಬಳೇ ದಾರಿ ಹಿಡಿಯುವುದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಶಿಕಾರಿಪುರ ಸೀಮೆಯ ಉಡುತಡಿಯಿಂದ ಹೊರಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ಉಡುತಡಿ ನಮಗೇನೂ ದೂರದ ಊರಲ್ಲ. ಆಗ ಬಸ್ಸಿಲ್ಲ, ಫೋನಿಲ್ಲ.

ನಮ್ಮ ಕಾಲಕ್ಕೆ ಬಂದರೆ, ಪಕ್ಕದ ಹುಬ್ಬಳ್ಳಿಯ ಹೆಣ್ಣುಮಗಳು ಕ್ಯಾಂಡಿಡಾ ಲೂಯಿಸ್ ಇದ್ದಾರೆ. 2015ರಲ್ಲಿ ಅವರು ಮೋಟಾರ್ ಸೈಕಲ್ ಹತ್ತಿ ತಿಂಗಳುಗಟ್ಟಲೆ ಒಬ್ಬರೇ ದೇಶ ಸುತ್ತಿದರು. 2018ರಲ್ಲಿ ಬೆಂಗಳೂರಿನಿಂದ ಬೈಕಿನಲ್ಲೇ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟರು. ನಾವು ಸಂತೆಗೆ, ದವಾಖಾನೆಗೆ ಹೋಗುವ ಹುಬ್ಬಳ್ಳಿಯವರೇ ಇವರು.

ಆದರೆ ನಮ್ಮ ಮನೆಗಳಿಗೆ ಹೆಚ್ಚು ಹತ್ತಿರದ್ದು ಮೈಸೂರಿನ ಚೂಡಾರತ್ನಮ್ಮನವರ ಕತೆ. ಹತ್ತು ಜನರ ಕೂಡು ಕುಟುಂಬದಲ್ಲಿ ಅಡುಗೆ, ಪಾತ್ರೆ, ಬಟ್ಟೆ, ಆರೈಕೆ ಇವುಗಳಲ್ಲೇ ಅವರ ಆಯಸ್ಸು ಕಳೆದಿತ್ತು. ಯಜಮಾನರು ತೀರಿಕೊಂಡ ಮೇಲೆ ಒಂದು ದಿನ ಮಗ ಕೃಷ್ಣಕುಮಾರ್, ಆ ಕ್ಷೇತ್ರ ನೋಡಿದ್ದೀಯಾ, ಈ ಊರು ನೋಡಿದ್ದೀಯಾ ಎಂದು ಕೇಳಿದರಂತೆ. ನಮ್ಮದೇ ರಾಜ್ಯದ ಬೇಲೂರು, ಹಳೇಬೀಡನ್ನೂ ನೋಡಿಲ್ಲ ಎಂಬ ಉತ್ತರ ಬಂತು. ಮಗ ನೌಕರಿ ಬಿಟ್ಟರು. 2018ರ ಜನವರಿಯಲ್ಲಿ, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ಎಪ್ಪತ್ತರ ಆಸುಪಾಸಿನ ತಾಯಿಯನ್ನು ಕೂರಿಸಿಕೊಂಡು ಹೊರಟರು. ಮಠ, ಗುಡಿ, ಛತ್ರಗಳಲ್ಲಿ ಉಳಿಯುತ್ತಾ ಊರೂರು ದಾಟಿ ನೇಪಾಳ, ಭೂತಾನ್, ಮ್ಯಾನ್ಮಾರ್‌ವರೆಗೂ ಹೋದರು. 2020ರಲ್ಲಿ ಲಾಕ್‌ಡೌನ್ ಬಂದು ಭೂತಾನದ ಗಡಿಯಲ್ಲಿ ಸಿಕ್ಕಿಬಿದ್ದು, ಕೊನೆಗೆ ಪಾಸು ಪಡೆದು ಅದೇ ಸ್ಕೂಟರಿನಲ್ಲಿ ಮೈಸೂರಿಗೆ ವಾಪಸಾದರು. ಅಷ್ಟರಲ್ಲಿ 56 ಸಾವಿರ ಕಿ.ಮೀ. ದಾಟಿತ್ತು.

ಮಗನ ಸೇವೆಯನ್ನು ದೇಶವೆಲ್ಲ ಕೊಂಡಾಡಿತು, ಅದು ಸರಿಯೇ. ನಾವು ಹೆಣ್ಣುಮಕ್ಕಳು ಈ ಕತೆಯಲ್ಲಿ ಇನ್ನೊಂದನ್ನೂ ನೋಡಬೇಕು. ಆ ತಾಯಿಗೆ ಊರು ನೋಡುವ ಆಸೆ ಎಪ್ಪತ್ತಕ್ಕೆ ಹುಟ್ಟಿದ್ದೇನಲ್ಲ. ಕೇಳುವವರು ಆಗ ಬಂದರು, ಕೆಲಸ ಆಗ ಮುಗಿಯಿತು. ನಮ್ಮ ಮಂಡಿ ಗಟ್ಟಿ ಇರುವಾಗಲೇ ನಾಲ್ಕು ದಿನ ಸಿಕ್ಕರೆ ಒಳ್ಳೆಯದಲ್ಲವೇ?

ಬಸ್ಸಿನ ಖರ್ಚು ಈಗಿಲ್ಲ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ದುಡ್ಡಿಲ್ಲ ಎಂದು ಟಿಕೆಟ್ ಬಿಡಬೇಡಿ, ಇಳಿಯುವವರೆಗೂ ಜೋಪಾನ ಮಾಡಿ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕಾರವಾರದಿಂದ ಗೋವಾಕ್ಕೆ ಹೋಗುವಂಥ ಹೊರರಾಜ್ಯದ ಬಸ್ಸಿಗೂ ಇಲ್ಲ.

ಸಣ್ಣ ಊರುಗಳ ನಡುವೆ ಓಡಾಡುವುದು ಹೆಚ್ಚಾಗಿ ಸಾಮಾನ್ಯ ಬಸ್ಸೇ. ಹಾಗಾಗಿ ದೊಡ್ಡ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋಗುವವರಿಗೆ ಈ ಯೋಜನೆ ಹೆಚ್ಚು ಉಪಯೋಗ. ಉಳಿಯುವುದು ಊಟ, ಚಹಾ, ಮೂರು ರಾತ್ರಿಯ ವಸತಿಯ ಖರ್ಚು. ಹಾಲಿನ ಬಟವಾಡೆಯಲ್ಲಿ ವಾರಕ್ಕಿಷ್ಟು ಎಂದು ತೆಗೆದಿಟ್ಟರೆ ಬೇಸಿಗೆಗೆ ಮುಂಚೆ ಅಷ್ಟು ಕೂಡುತ್ತದೆ.

ಒಂದು ಸುತ್ತು: ಮುಂಡಗೋಡದಿಂದ ಮುಂಡಗೋಡಕ್ಕೆ

ನಮ್ಮ ಜಿಲ್ಲೆಯೊಳಗೇ ಒಂದು ಸುತ್ತು ಹೇಳುತ್ತೇವೆ. ಎಲ್ಲ ಸೇರಿ ಸುಮಾರು 350 ಕಿ.ಮೀ. ಬಯಲಿನ ಅಂಚಿನಿಂದ ಕಾಡು, ಕಾಡಿನಿಂದ ಘಟ್ಟ, ಘಟ್ಟದಿಂದ ಸಮುದ್ರ, ಮತ್ತೆ ಮೇಲಕ್ಕೆ.

ಮೊದಲ ದಿನ ಬೆಳಗಿನ ಹಾಲು ಹಾಕಿಯೇ ಹೊರಡಿ. ಮುಂಡಗೋಡದಿಂದ ಯಲ್ಲಾಪುರ, ಅಲ್ಲಿಂದ ಹಳಿಯಾಳ. ಹಳಿಯಾಳದ ಕಡೆ ನಮ್ಮ ಹಾಗೆಯೇ ಭತ್ತ, ಗೋವಿನಜೋಳ, ಜೊತೆಗೆ ಕಬ್ಬು ಜಾಸ್ತಿ. ದಾರಿಯಲ್ಲಿ ದನಗರ ಗೌಳಿಗಳ ದಡ್ಡಿಗಳು ಕಂಡಾವು. ತಲೆಮಾರುಗಳಿಂದ ಎಮ್ಮೆ, ಆಕಳು ಕಟ್ಟಿಕೊಂಡು ಕಾಡಂಚಿನಲ್ಲಿ ಬದುಕಿದ ಜನ ಅವರು. ಕಬ್ಬಿನ ಸೀಮೆಯಲ್ಲಿ ದನಕ್ಕೆ ಸೋಗೆ ಹಾಕುವುದನ್ನು ನೋಡುತ್ತೀರಿ. ಸೋಗೆಯಲ್ಲಿ ಆಕ್ಸಲೇಟ್ ಎಂಬ ಅಂಶ ಇದ್ದು ಅದು ಮೈಗೆ ಹತ್ತಬೇಕಾದ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ಅದಕ್ಕೇ ಸೋಗೆ ಹಾಕುವವರು ಲವಣ ಮಿಶ್ರಣ ತಪ್ಪಿಸಬಾರದು, ಬೇರೆ ಹಸಿ ಮೇವನ್ನೂ ಕೂಡಿಸಬೇಕು. ಮನೆಗೆ ಬಂದ ಮೇಲೆ ನಿಮ್ಮ ದನಕ್ಕೂ ಇದು ನೆನಪಿರಲಿ. ಸಂಜೆಯೊಳಗೆ ದಾಂಡೇಲಿ ಸೇರಿ ಅಲ್ಲೇ ಉಳಿಯಿರಿ. ಐವತ್ತರ ದಶಕದಲ್ಲಿ ಬಂದ ಕಾಗದದ ಗಿರಣಿಯಿಂದ ಬೆಳೆದ ಊರು ಅದು. ಊರ ಮಗ್ಗುಲಲ್ಲೇ ಕಾಳಿ ನದಿ.

ಎರಡನೇ ದಿನ ಇಡೀ ದಿನ ಕಾಳಿಯ ದಾರಿ. ಈ ಹೊಳೆ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಹುಟ್ಟಿದ ಜಿಲ್ಲೆಯಲ್ಲೇ ಕಡಲು ಸೇರುವ ಹೊಳೆ. ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವಾಗ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಸಿಗುತ್ತದೆ. ಎತ್ತರ 101 ಮೀಟರ್. ನಮ್ಮ ಮನೆಯ ಲೈಟು, ಡೇರಿಯ ಬಲ್ಕ್ ಕೂಲರ್ ನಡೆಯುವ ಕರೆಂಟಿನಲ್ಲಿ ಈ ಹೊಳೆಯ ಪಾಲೂ ಇದೆ. ಆ ನೀರಿನ ಕೆಳಗೆ ಸೂಪಾ ಎಂಬ ಊರೇ ಇದೆ. ಅಣೆಕಟ್ಟು ಕಟ್ಟಿದಾಗ ಅಲ್ಲಿನ ಜನರನ್ನು ಎಬ್ಬಿಸಿ ರಾಮನಗರದಲ್ಲಿ ನೆಲೆ ಕೊಟ್ಟರು. ಮನೆ, ಗದ್ದೆ, ಹಿತ್ತಲು, ಕೊಟ್ಟಿಗೆ ಎಲ್ಲ ಬಿಟ್ಟು, ದನ ಹೊಡೆದುಕೊಂಡು ಹೊರಟವರನ್ನು ಒಂದು ಗಳಿಗೆ ನೆನೆಯಿರಿ.

ಜೋಯಿಡಾದಲ್ಲಿ ಕುಣಬಿ ಜನ ಹೆಚ್ಚು. ಅವರ ಹೆಣ್ಣುಮಕ್ಕಳು ಬೆಳೆಯುವ ಗಡ್ಡೆ-ಗೆಣಸು ಹೆಸರುವಾಸಿ, ಅದರದ್ದೇ ಮೇಳವೂ ಆಗುತ್ತದೆ. ಈ ಕಡೆ ದನ ಸಣ್ಣವು, ಮಲೆನಾಡು ಗಿಡ್ಡ ತಳಿಯವು. ಹಾಲು ದಿನಕ್ಕೆ ಎರಡು ಮೂರು ಲೀಟರ್ ಕೊಟ್ಟರೆ ಹೆಚ್ಚು. ಆದರೆ ಗುಡ್ಡ ಹತ್ತಿ ಮೇಯುತ್ತವೆ, ಮಳೆ ತಡೆಯುತ್ತವೆ, ಉಣ್ಣೆಯ ಕಾಟಕ್ಕೆ ಬೇಗ ಬಗ್ಗುವುದಿಲ್ಲ. ನಮ್ಮ ಎಚ್.ಎಫ್. ಆಕಳು ಅಲ್ಲಿ ಒಂದು ಮಳೆಗಾಲ ಕಳೆಯುವುದೂ ಕಷ್ಟ. ಹೆಚ್ಚು ಹಾಲಿನ ತಳಿ, ಗಟ್ಟಿ ತಳಿ ಎರಡರ ಬೆಲೆಯೂ ಅಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಜೋಯಿಡಾದಿಂದ ಕಾರವಾರಕ್ಕೆ ಸುಮಾರು 80 ಕಿ.ಮೀ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು ದಾಟಿ, ಅಣಶಿ ಘಟ್ಟ ಇಳಿದು, ಕದ್ರಾ ಹಾದು ಬಸ್ಸು ಹೋಗುತ್ತದೆ. ಈ ದಾರಿಗೆ ಬಸ್ಸು ಕಡಿಮೆ. ಸಮಯವನ್ನು ಹಿಂದಿನ ದಿನವೇ ದಾಂಡೇಲಿ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಘಟ್ಟ ಇಳಿಯುವಾಗ ಹೊಟ್ಟೆ ತೊಳಸುವವರು ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ, ಮುಂದಿನ ಸೀಟು ಹಿಡಿಯಿರಿ. ರಾತ್ರಿ ಕಾರವಾರದಲ್ಲಿ.

ಮೂರನೇ ದಿನ ಬೆಳಗಾಗುತ್ತಲೇ ಸಮುದ್ರದ ದಂಡೆಗೆ ಹೋಗಿ. ಆಮೇಲೆ ಮೀನು ಮಾರ್ಕೆಟ್ಟಿಗೆ ಹೋಗಿ. ಮೀನು ತಿನ್ನದವರೂ ಹೋಗಬೇಕು. ಅಲ್ಲಿ ವ್ಯಾಪಾರಕ್ಕೆ ಕೂತವರು ಹೆಚ್ಚಿನವರು ಹೆಂಗಸರೇ. ಮೀನೂ ಹಾಲಿನ ಹಾಗೆಯೇ, ಹೊತ್ತು ಮೀರಿದರೆ ಬೆಲೆಯಿಲ್ಲ. ಹೊತ್ತಿಗೆ ಮುಂಚೆ ಮಾರಿ ಮುಗಿಸುವ ಅವರ ಜಾಣತನ ನಮಗೂ ಕಲಿಯಲು ಇದೆ. ಅವರಿಗೆ ದಿನವೂ ಚೌಕಾಶಿ. ನಮಗೆ ಸಂಘ ಇದೆ, ಫ್ಯಾಟ್, ಎಸ್.ಎನ್.ಎಫ್. ನೋಡಿ ದರ ಇದೆ, ಹೊತ್ತಿಗೆ ಸರಿಯಾಗಿ ಹಾಲು ಒಯ್ಯುವ ಗಾಡಿ ಇದೆ. ಆ ಮಾರ್ಕೆಟ್ಟಿನಲ್ಲಿ ನಿಂತಾಗ ಸಂಘದ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ಮಧ್ಯಾಹ್ನ ಅಂಕೋಲಾಕ್ಕೆ ಬನ್ನಿ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು. ಈ ತಾಲ್ಲೂಕಿನ ಇಬ್ಬರು ಹಾಲಕ್ಕಿ ಹೆಣ್ಣುಮಕ್ಕಳನ್ನು ಮರೆಯಬಾರದು. ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡುತ್ತಾ ಲೆಕ್ಕವಿಲ್ಲದಷ್ಟು ಸಸಿ ಬೆಳೆಸಿದರು. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಬಡಗೇರಿಯ ಸುಕ್ರಿ ಬೊಮ್ಮಗೌಡ ನೂರಾರು ಹಾಡು ಬಾಯಲ್ಲಿಟ್ಟುಕೊಂಡಿದ್ದವರು, ಸಾರಾಯಿ ವಿರುದ್ಧ ಹೋರಾಡಿದವರು. 2017ರಲ್ಲಿ ಅವರಿಗೂ ಪದ್ಮಶ್ರೀ ಬಂತು. ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ನಡೆದಾಡಿದ ಊರಿನಲ್ಲಿ ಒಂದು ರಾತ್ರಿ ಉಳಿಯುವುದೇ ಒಂದು ಸಮಾಧಾನ.

ನಾಲ್ಕನೇ ದಿನ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಮುಂಡಗೋಡ. ಬೆಳಿಗ್ಗೆ ಬೇಗ ಹೊರಟರೆ ಸಂಜೆ ಹಿಂಡುವ ಹೊತ್ತಿಗೆ ನೀವು ನಿಮ್ಮ ಕೊಟ್ಟಿಗೆಯಲ್ಲಿ ಇರುತ್ತೀರಿ.

ಮಳೆಗಾಲದಲ್ಲಿ ಈ ಸುತ್ತು ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವ ಹೋದದ್ದು ನಮ್ಮೆಲ್ಲರಿಗೂ ಗೊತ್ತು. ಸುಗ್ಗಿ ಮುಗಿದ ಮೇಲೆ, ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇವೂ ಮನೆಯಲ್ಲಿ ಇರುತ್ತದೆ.

ಕೊಟ್ಟಿಗೆ ಯಾರ ಕೈಗೆ?

ಈಗ ಮುಖ್ಯ ಮಾತು. ಮೊದಲ ದಿನ ಸಂಜೆ, ಎರಡನೇ ಮತ್ತು ಮೂರನೇ ದಿನ ಎರಡೆರಡು ಹೊತ್ತು, ನಾಲ್ಕನೇ ದಿನ ಬೆಳಿಗ್ಗೆ. ಲೆಕ್ಕ ಹಾಕಿದರೆ ನೀವು ಇಲ್ಲದಿರುವುದು ಆರು ಹೊತ್ತು. ಈ ಆರು ಹೊತ್ತಿಗೆ ವ್ಯವಸ್ಥೆ ಆದರೆ ನಾಲ್ಕು ದಿನ ನಿಮ್ಮದು.

ಯಾವಾಗ ಹೋಗಬಾರದು: ಕರು ಹಾಕಿದ ಮೊದಲ ತಿಂಗಳು ಬೇಡ. ಗಬ್ಬದ ಕೊನೆಯ ಹದಿನೈದು ದಿನ ಬೇಡ. ಕೃತಕ ಗರ್ಭಧಾರಣೆ ಮಾಡಿಸಿದ್ದರೆ 18ರಿಂದ 24ನೇ ದಿನದವರೆಗೆ ಮನೆಯಲ್ಲೇ ಇದ್ದು, ಆಕಳು ಮತ್ತೆ ಬೆದೆಗೆ ಬಂತೋ ಎಂದು ನಿಮ್ಮ ಕಣ್ಣಿನಿಂದಲೇ ನೋಡುವುದು ಒಳ್ಳೆಯದು. ಬೆದೆ ತಪ್ಪಿದರೆ 21 ದಿನ ಹೋಯಿತು, ಮೇವಿನ ಖರ್ಚೂ ಹೋಯಿತು. ಕೆಚ್ಚಲು ಬಾವಿಗೆ ಔಷಧಿ ನಡೆಯುತ್ತಿದ್ದರೂ ಹೋಗಬೇಡಿ.

ಯಾವಾಗ ಸುಲಭ: ಕರು ಹಾಕುವ ಮೊದಲು ಎರಡು ತಿಂಗಳು ಹಾಲು ಬತ್ತಿಸುತ್ತೇವಲ್ಲ, ಆ ಅವಧಿಯ ನಡುವಿನ ದಿನಗಳು ಬಹಳ ಅನುಕೂಲ. ಒಂದೇ ಆಕಳು ಇದ್ದವರಿಗೆ ಆಗ ಮೇವು ನೀರಿನ ಚಿಂತೆ ಮಾತ್ರ. ಎರಡು ಮೂರು ಇದ್ದವರು ಹೆಚ್ಚಿನವು ಗಬ್ಬವಾಗಿ ಹಾಲು ಇಳಿದಿರುವ ಕಾಲ ನೋಡಿಕೊಳ್ಳಿ.

ಯಾರು ಹಿಂಡಬೇಕು: ಹೊಲದ ಕೆಲಸಕ್ಕೆ ನಮ್ಮಲ್ಲಿ ಮುಯ್ಯಾಳು ಪದ್ಧತಿ ಹಿಂದಿನಿಂದ ಇದೆ. ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಅದನ್ನೇ ಕೊಟ್ಟಿಗೆಗೂ ತನ್ನಿ. ಸಂಘದಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಮೂವರು ಸೇರಿಕೊಂಡರೆ, ಒಬ್ಬರು ಹೋದಾಗ ಉಳಿದವರು ನೋಡುತ್ತಾರೆ. ಹೋಗಿ ಬಂದವರು ಮುಯ್ಯಿ ತೀರಿಸುತ್ತಾರೆ. ಊರು ನೋಡಲು ಮಾತ್ರವಲ್ಲ, ಜ್ವರ ಬಂದಾಗ, ಮಗಳ ಬಾಣಂತನಕ್ಕೆ ಹೋದಾಗಲೂ ಈ ಜೋಡಿ ಕೈ ಹಿಡಿಯುತ್ತದೆ. ಮನೆಯ ಗಂಡಸರು, ಮಕ್ಕಳು ಹಿಂಡಲು ಕಲಿತರೆ ಇನ್ನೂ ಒಳ್ಳೆಯದು. ಹಾಲಿನ ದುಡ್ಡು ಇಡೀ ಮನೆಗೆ ಬರುವಾಗ ಹಿಂಡುವ ಕೈ ಒಂದೇ ಇರಬೇಕೆಂದಿಲ್ಲ.

ಕೈ ಬದಲಾಗುವುದು: ಆಕಳಿಗೆ ಪರಿಚಯದ ಕೈ ಬೇಕು. ಕೆಚ್ಚಲು ತೊಳೆದು ಸವರಿದಾಗ ಅದರ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಹರಿದು ಹಾಲು ಇಳಿಯುತ್ತದೆ. ಅದರ ಪ್ರಭಾವ ಐದಾರು ನಿಮಿಷ ಮಾತ್ರ. ಹೊಸಬರನ್ನು ಕಂಡು ಬೆದರಿದರೆ ಆಕಳು ಹಾಲು ಹಿಡಿದುಕೊಳ್ಳುತ್ತದೆ. ಕೆಚ್ಚಲಲ್ಲಿ ಉಳಿದ ಹಾಲು ಬಾವಿಗೆ ದಾರಿ. ಆದ್ದರಿಂದ ನೀವು ಹೊರಡುವ ಒಂದು ವಾರ ಮೊದಲೇ ಅವರನ್ನು ಕರೆಯಿರಿ. ಮೊದಲ ಎರಡು ದಿನ ನೀವು ಹಿಂಡಿ, ಅವರು ಹಿಂಡಿ ಹಾಕಲಿ, ಮೈ ತಿಕ್ಕಲಿ. ಆಮೇಲೆ ಅವರು ಹಿಂಡಲಿ, ನೀವು ಪಕ್ಕದಲ್ಲಿರಿ. ಕೊನೆಗೆ ನೀವು ಕಣ್ಣಿಗೆ ಕಾಣದ ಹಾಗೆ ದೂರ ಇರಿ. ಹೆಬ್ಬೆರಳು ಮಡಚಿ ಎಳೆಯುವುದು ಬೇಡ, ಪೂರ್ತಿ ಮುಷ್ಟಿಯಿಂದ ಹಿಂಡಲು ಹೇಳಿ. ಹಿಂಡಿದ ಮೇಲೆ ಮೊಲೆಗಳನ್ನು ಔಷಧಿ ನೀರಿನಲ್ಲಿ ಅದ್ದುವುದನ್ನು ಬಿಡಬಾರದು.

ಗೋಡೆಯ ಮೇಲೆ ಒಂದು ಹಾಳೆ: ಪ್ರತಿ ಆಕಳ ಹೆಸರು ಬರೆದು ಎದುರಿಗೆ ಹಿಂಡಿಯ ಅಳತೆ ಬರೆಯಿರಿ. ದಿನದ ಅಳತೆ ಸಾಮಾನ್ಯವಾಗಿ ಮೈಗೆ ಒಂದು ಕೆ.ಜಿ., ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. "ಎರಡು ಬೊಗಸೆ" ಎಂದರೆ ಅವರ ಬೊಗಸೆ ಬೇರೆ, ನಿಮ್ಮ ಬೊಗಸೆ ಬೇರೆ. ಅಳತೆಯ ಡಬ್ಬಿಯನ್ನೇ ತೋರಿಸಿ. ಯಾವುದು ಒದೆಯುತ್ತದೆ, ಯಾವುದನ್ನು ಮೊದಲು ಹಿಂಡಬೇಕು ಎನ್ನುವುದನ್ನೂ ಬರೆಯಿರಿ. ಪಶು ವೈದ್ಯರ ನಂಬರ್, ಪಶು ಆಂಬ್ಯುಲೆನ್ಸ್‌ನ 1962 ಎದ್ದು ಕಾಣುವ ಹಾಗೆ ಇರಲಿ.

ಡೇರಿಯ ಲೆಕ್ಕ: ಹಾಲು ನಿಮ್ಮ ನಂಬರಿನಲ್ಲೇ ಹೋಗಬೇಕು. ಕಾರ್ಯದರ್ಶಿಗೆ ಮೊದಲೇ ಹೇಳಿ, ಪಾಸ್‌ಬುಕ್ ಕೊಟ್ಟು ಹೋಗಿ. ಇನ್ನೊಬ್ಬರ ಹಾಲಿಗೆ ಕೂಡಿಸಿ ಹಾಕಿದರೆ ಬಟವಾಡೆ, ಪ್ರೋತ್ಸಾಹಧನ, ಬೋನಸ್ ಎಲ್ಲ ಕಲಸಿಹೋಗುತ್ತದೆ. ನೀವು ಹಾಲು ಹಾಕಿದ ದಿನಗಳ ಲೆಕ್ಕವೂ ತಪ್ಪುತ್ತದೆ.

ಮೊದಲ ಒಂದು ಹೊತ್ತು ಅರ್ಧ ಲೀಟರ್ ಕಡಿಮೆ ಬಂದರೆ ಗಾಬರಿ ಬೇಡ. ಕೈ ಹೊಂದಿದ ಮೇಲೆ ಸರಿಹೋಗುತ್ತದೆ. ಹಾಲಿನಲ್ಲಿ ಗಡ್ಡೆ, ಕೆಚ್ಚಲಲ್ಲಿ ಬಿಸಿ, ಬಾವು ಕಂಡರೆ ಮಾತ್ರ ತಡಮಾಡದೆ ವೈದ್ಯರನ್ನು ಕರೆಯಬೇಕು ಎಂದು ಹೇಳಿ ಹೋಗಿ.

ದಾರಿಯಲ್ಲಿ ಜೋಪಾನ

ಕತ್ತಲಾಗುವ ಮೊದಲು ಉಳಿಯುವ ಊರು ಸೇರಿ. ಮೊದಲ ಸಲ ಹೋಗುವವರು ಒಂದು ರಾತ್ರಿಯಾದರೂ ನೆಂಟರ ಮನೆ ಇರುವ ಊರು ಹುಡುಕಿಕೊಂಡರೆ ಧೈರ್ಯ. ವಸತಿಗೃಹವಾದರೆ ಬಸ್ ನಿಲ್ದಾಣದ ಹತ್ತಿರದ್ದೇ ಆಗಲಿ, ಕೋಣೆಯ ಚಿಲಕ ನೋಡಿಯೇ ದುಡ್ಡು ಕೊಡಿ. ಆಧಾರ್ ಕಾರ್ಡಿನ ಒಂದು ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ದುಡ್ಡನ್ನು ಎರಡು ಕಡೆ ಹಂಚಿಡಿ. ಬಂಗಾರ ಮನೆಯಲ್ಲೇ ಇರಲಿ. ದಿನಕ್ಕೆರಡು ಸಲ, ಹಿಂಡುವ ಹೊತ್ತಿಗೇ, ಮನೆಗೆ ಫೋನ್ ಮಾಡಿ. ನೀವು ಆಕಳ ಸುದ್ದಿ ಕೇಳಿದ ಹಾಗೂ ಆಯಿತು, ಅವರು ನಿಮ್ಮ ಸುದ್ದಿ ಕೇಳಿದ ಹಾಗೂ ಆಯಿತು. ತೊಂದರೆಯಾದರೆ 112, ಮಹಿಳಾ ಸಹಾಯವಾಣಿ 181. ಈ ಎರಡು ನಂಬರ್ ಬಾಯಿಪಾಠ ಇರಲಿ.

ಮನೆಯಲ್ಲಿ ಮಾತು ಬರುತ್ತದೆ. "ಒಬ್ಬಾಕಿನ ಯಾಕ್ ಹೋಗ್ತಿ?" ಅಂತ ಅತ್ತೆ ಕೇಳಿಯಾರು. ಊರವರೂ ಕೇಳಿಯಾರು. ಜಗಳ ಮಾಡಬೇಡಿ. ಯಾವ ದಿನ ಎಲ್ಲಿ, ಯಾವ ಬಸ್ಸು, ಎಲ್ಲಿ ಉಳಿಯುವುದು, ಹಾಲು ಯಾರು ಹಿಂಡುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಎಲ್ಲದಕ್ಕೂ ಉತ್ತರ ಇದ್ದಾಗ ಬೇಡ ಅನ್ನುವ ಮಾತು ಮೆತ್ತಗಾಗುತ್ತದೆ. ನಾಲ್ಕು ದಿನ ಒಮ್ಮೆಲೇ ಆಗದಿದ್ದರೆ ಎರಡು ಹೊತ್ತಿನಿಂದ ಶುರು ಮಾಡಿ. ಬೆಳಗಿನ ಹಾಲು ಹಾಕಿ ಯಲ್ಲಾಪುರಕ್ಕೆ ಹೋಗಿ ಸಂಜೆಗೆ ಬನ್ನಿ. ಅದಕ್ಕೆ ಯಾರ ಮುಯ್ಯಿಯೂ ಬೇಡ. ಮುಂದಿನ ಸಲ ದಾಂಡೇಲಿಯಲ್ಲಿ ಒಂದು ರಾತ್ರಿ. ಆಮೇಲೆ ಸಮುದ್ರ.

ಬರುವ ತಿಂಗಳ ಸಂಘದ ಸಭೆಯಲ್ಲಿ, ಹಾಲಿನ ದರ, ಮೇವಿನ ಬೀಜದ ಮಾತು ಮುಗಿದ ಮೇಲೆ, ಹತ್ತು ನಿಮಿಷ ಈ ಮುಯ್ಯಾಳು ಜೋಡಿಯ ಮಾತು ಎತ್ತಿ. ಯಾರಿಗೆ ಯಾರು ಜೋಡಿ ಎಂದು ಸಂಘದ ಗೋಡೆಯ ಮೇಲೆ ಬರೆಯಿರಿ. ಮೊದಲು ಹೋಗಿ ಬಂದವರು ಮುಂದಿನ ಸಭೆಯಲ್ಲಿ ದಾರಿಯ ವಿವರ, ಬಸ್ಸಿನ ಸಮಯ, ಆದ ಖರ್ಚು ಹೇಳಲಿ. ಎರಡನೆಯವರಿಗೆ ಅದೇ ದೊಡ್ಡ ಸಹಾಯ.